‘ಪರೋಕ್ಷವಾಗಿ ಸಹಕರಿಸಿದವರು’ ಯಾರು?

ಪ್ರೀತಿಯ ಟೀಚರ್,

ಪೆರ್ಲದಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಎರಡು ಸಲ ಓದಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಅದರಲ್ಲಿ ಏನಿತ್ತು ಎಂಬುದನ್ನು ಮೊದಲು ಹೇಳುತ್ತೇನೆ.

ಏಪ್ರಿಲ್‌ನಲ್ಲಿ ನಮ್ಮ ಕಾಸರಗೋಡಿನ ನೀರ್ಚಾಲು ಕಡೆಯ ಒಂದು ಶಾಲೆಯ ಸಭಾಂಗಣದಲ್ಲಿ ಊರಿನ ಹವ್ಯಾಸಿ ತಂಡವೊಂದು ನಾಟಕ ಆಡಿತ್ತು. ಅಜ್ಜನ ಕಾಲದ ಮಣ್ಣಿನ ಮನೆಯನ್ನು ಮಾರಬೇಕೋ ಬೇಡವೋ ಎಂದು ಒಂದು ಕುಟುಂಬ ಜಗಳಾಡುವ ಕತೆ. ತಂಡದವರೇ ಕೂತು ಬರೆದದ್ದು. ಕಳೆದ ಸಂಚಿಕೆಯಲ್ಲಿ ಅದರ ಬಗ್ಗೆ ನಾನೇ ಒಂದು ಪುಟ ಬರೆದಿದ್ದೆ. ಅದರಲ್ಲಿ ನಿರ್ದೇಶಕರ ಹೆಸರಿತ್ತು, ಒಂಬತ್ತು ನಟರ ಹೆಸರಿತ್ತು. ಅಷ್ಟೇ. ನೀವು ಬರೆದಿದ್ದೀರಿ: ‘ನನ್ನ ಸೊಸೆ ಮನೆಕೆಲಸ ಎಲ್ಲ ಮುಗಿಸಿ ರಾತ್ರಿ ಹನ್ನೊಂದರವರೆಗೆ ಕೂತು 19 ಉಡುಪು ಹೊಲಿದಳು. ಅವಳ ಹೆಸರು ವೇದಿಕೆಯಲ್ಲೂ ಬರಲಿಲ್ಲ, ನಿಮ್ಮ ಪುಟದಲ್ಲೂ ಬರಲಿಲ್ಲ. ಧನ್ಯವಾದ ಹೇಳಿದವರು ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ಎಂದು ಮುಗಿಸಿಬಿಟ್ಟರು. ಅವಳು ಯಾವುದರಲ್ಲಿ ಸೇರುತ್ತಾಳೆ, ಪ್ರತ್ಯಕ್ಷದಲ್ಲೋ ಪರೋಕ್ಷದಲ್ಲೋ?’

ತಪ್ಪು ನನ್ನದು ಟೀಚರ್. ಜಾಗ ಕಡಿಮೆ ಇತ್ತು ಎಂದು ಹೇಳಬಹುದಿತ್ತು, ಆದರೆ ಅದು ನಿಜವಲ್ಲ. ನಾನು ಕೇಳಲೇ ಇಲ್ಲ. ನಾಟಕ ಮುಗಿದ ಮೇಲೆ ನಟರ ಕೈಕುಲುಕಿ, ಫೋಟೋ ತೆಗೆಸಿ, ಬಸ್ಸು ಹಿಡಿದು ಬಂದೆ. ನಿಮ್ಮ ಪತ್ರ ಓದಿದ ಮೇಲೆ ಒಂದು ಭಾನುವಾರ ಮತ್ತೆ ಅಲ್ಲಿಗೆ ಹೋದೆ. ಅದೇ ಶಾಲೆಯ ಜಗಲಿಯಲ್ಲಿ ತಂಡದವರ ಜೊತೆ ಮಧ್ಯಾಹ್ನವಿಡೀ ಕೂತೆ. ವೇದಿಕೆಗೆ ಬಂದವರು ಒಂಬತ್ತು ಜನ. ಬಾರದವರು ಹದಿನಾಲ್ಕು ಜನ.

ಬೆಳಕಿನವರಿಂದ ಶುರು ಮಾಡುತ್ತೇನೆ. ಅವರಿಗೆ ನಾನು ಒಂದು ಅನ್ಯಾಯವನ್ನೇ ಮಾಡಿದ್ದೆ. ‘ಸಭಾಂಗಣದಲ್ಲಿ ಫ್ಯಾನ್ ಹಾಕಿರಲಿಲ್ಲ, ಸೆಖೆಯಲ್ಲಿ ನಾಟಕ ನೋಡುವುದು ಕಷ್ಟವಾಯಿತು’ ಎಂದು ಬರೆದಿದ್ದೆ ಅಲ್ವಾ? ಅವರು ಹಗಲು ಮನೆಗಳಿಗೆ ವೈರಿಂಗ್ ಮಾಡುವವರು. ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಲೆಕ್ಕ ಹೇಳಿದರು. 1000 ವಾಟ್‌ನ ಒಂದು ಹ್ಯಾಲೋಜನ್ ಲೈಟು 230 ವೋಲ್ಟ್‌ನಲ್ಲಿ ನಾಲ್ಕು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಎಳೆಯುತ್ತದೆ. 15 ಆಂಪಿಯರ್‌ನ ಒಂದು ಲೈನಿಗೆ ಮೂರು ಲೈಟು ಹಾಕಿದರೆ 13 ಆಯಿತು. ಅವರ ಹತ್ತಿರ ಆರು ಲೈಟು. ಸಿಕ್ಕಿದ್ದು ಎರಡು ಲೈನು, ಅದರಲ್ಲಿ ಒಂದಕ್ಕೆ ಸಭಾಂಗಣದ ಫ್ಯಾನುಗಳೂ ಸೇರಿಕೊಂಡಿದ್ದವು. ‘ಫ್ಯಾನ್ ಹಾಕಿದ್ರೆ ಲೈನ್ ತಡೆಯುದಿಲ್ಲ ಸರ್. ತಡೆದ್ರೂ ಅಜ್ಜಿಯ ಮಾತು ಹಿಂದೆ ಕೂತವರಿಗೆ ಕೇಳುದಿಲ್ಲ’ ಎಂದರು. ಅಜ್ಜಿ ಪಾತ್ರದ ಆ ಮೆಲ್ಲನೆಯ ಮಾತನ್ನು ನಾನು ನನ್ನ ಪುಟದಲ್ಲಿ ಹೊಗಳಿದ್ದೆ. ಅದು ಹಿಂದಿನ ಸಾಲಿನಲ್ಲಿದ್ದ ನನ್ನ ಕಿವಿಗೆ ಬೀಳಲಿ ಎಂದೇ ಫ್ಯಾನ್ ನಿಂತಿತ್ತು.

ಇನ್ನೊಂದು ವಿಷಯವನ್ನೂ ಹೇಳಿದರು. ಮದುವೆ ಮಂಟಪಕ್ಕೆ ಹಾಕುವ ಬಣ್ಣದ ಎಲ್‌ಇಡಿ ಲೈಟು ಬಾಡಿಗೆಗೆ ಸುಲಭವಾಗಿ ಸಿಗುತ್ತದೆ, ಕರೆಂಟೂ ಕಡಿಮೆ ಸಾಕು. ಆದರೆ ಅದರಲ್ಲಿ ಮುಖ ಮುಖದ ಹಾಗೆ ಕಾಣುವುದಿಲ್ಲ. ಮಣ್ಣಿನ ಗೋಡೆಯ ಕೆಂಪೂ ಸರಿ ಬರುವುದಿಲ್ಲ. ಹಾಗಾಗಿ ಹಳೆಯ ಹ್ಯಾಲೋಜನ್ ಹುಡುಕಿಕೊಂಡು ಮೂರು ಊರು ತಿರುಗಿದರಂತೆ. ಆ ಗೋಡೆಯೂ ಮಣ್ಣಿನದ್ದಲ್ಲ. ಅಡಿಕೆ ಮರ ಸೀಳಿದ ಪಟ್ಟಿಗೆ ಗೋಣಿ ಬಿಗಿದು, ಕೆಮ್ಮಣ್ಣಿಗೆ ಅಂಟು ಕಲಸಿ ಬಳಿದದ್ದು. ಮಾಡಿದವರು ಬಡಗಿ ಕೆಲಸದ ಅಣ್ಣ ತಮ್ಮ. ಇಬ್ಬರಿಗೂ ಕನ್ನಡ ಓದಲು ಬರುವುದಿಲ್ಲ, ಮನೆಮಾತು ಮಲಯಾಳ. ನಾಟಕದ ಕತೆಯನ್ನು ಮಲಯಾಳದಲ್ಲಿ ಹೇಳಿಸಿಕೊಂಡು ಕೇಳಿ, ಬಾಗಿಲು ಎಷ್ಟು ಗಿಡ್ಡ ಇರಬೇಕು ಎಂದು ಅವರೇ ತೀರ್ಮಾನ ಮಾಡಿದರು. ಹಳೆಯ ಮನೆಗೆ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು ತಾನೆ? ಪ್ರತಿ ನಟನೂ ಬಾಗಿ ಒಳಗೆ ಬರುತ್ತಿದ್ದುದು ನನಗೆ ತುಂಬ ಇಷ್ಟವಾಗಿತ್ತು. ನಿರ್ದೇಶಕರ ಕಲ್ಪನೆ ಎಂದುಕೊಂಡಿದ್ದೆ.

ಈಗ ನಮ್ಮಂಥ ಜಿಲ್ಲೆಯಲ್ಲಿ ಬೇಕಾಗುವ ಒಂದು ಕೆಲಸದ ಬಗ್ಗೆ ಹೇಳಬೇಕು. ಆ ಒಂಬತ್ತು ನಟರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಇಬ್ಬರೇ. ನಾಲ್ವರದ್ದು ತುಳು, ಇಬ್ಬರದ್ದು ಮಲಯಾಳ, ಒಬ್ಬರದ್ದು ಕೊಂಕಣಿ. ಸಪ್ತಭಾಷೆಗಳ ನಾಡು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ತಾಲೀಮಿನಲ್ಲಿ ಅದು ದಿನಾ ಮಾಡಬೇಕಾದ ಕೆಲಸ. ತುಳು ಮನೆಮಾತಿನ ಎಷ್ಟೋ ಮಂದಿಗೆ ‘ಳ’ ಹೋಗಿ ‘ಲ’ ಆಗುತ್ತದೆ, ‘ಣ’ ಹೋಗಿ ‘ನ’ ಆಗುತ್ತದೆ. ‘ಮನೆ ಹಾಳಾಯಿತು’ ಎನ್ನುವ ಮಾತೇ ಈ ನಾಟಕದ ಜೀವ. ಅದು ‘ಹಾಲಾಯಿತು’ ಎಂದು ಕೇಳಿದರೆ ಎಲ್ಲ ಮುಗಿಯಿತು. ಇದನ್ನು ತಿದ್ದಲು ಒಬ್ಬ ಅಂಗನವಾಡಿ ಟೀಚರ್ ಎರಡು ತಿಂಗಳು, ವಾರಕ್ಕೆ ನಾಲ್ಕು ಸಂಜೆ ಬಂದು ಕೂತರು. ಒಂದೊಂದು ಮಾತನ್ನೂ ಇಪ್ಪತ್ತು ಸಲ ಹೇಳಿಸಿದರು.

ಆದರೆ ಅವರು ಎಲ್ಲವನ್ನೂ ತಿದ್ದಲಿಲ್ಲ. ಅಜ್ಜಿಯ ಮಾತಿನಲ್ಲಿ ತುಳುವಿನ ರಾಗ ಹಾಗೇ ಇರಲಿ, ಜಾಗದ ದಲ್ಲಾಳಿ ಮಲಯಾಳದ ಎಳೆತದಲ್ಲೇ ಮಾತಾಡಲಿ ಎಂದು ಅವರೇ ನಿರ್ದೇಶಕರಿಗೆ ಹೇಳಿದರು. ಯಾಕೆ ಎಂದು ಕೇಳಿದೆ. ‘ನಮ್ಮ ಊರಲ್ಲಿ ಅಜ್ಜಿಯಂದಿರು ಪುಸ್ತಕದ ಹಾಗೆ ಮಾತಾಡುವುದಿಲ್ಲವಲ್ಲ’ ಎಂದರು. ಇದು ತಿದ್ದುವ ಕೆಲಸ ಮಾತ್ರವೇ ಟೀಚರ್? ನನಗೆ ಹಾಗೆ ಅನ್ನಿಸುವುದಿಲ್ಲ. ಯಾರ ಬಾಯಲ್ಲಿ ಯಾವ ಕನ್ನಡ ಬರಬೇಕು ಎಂದು ತೀರ್ಮಾನಿಸುವುದು ನಾಟಕ ಬರೆಯುವ ಕೆಲಸದ ಅರ್ಧ ಭಾಗ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಮೇಲೆ ಇಲ್ಲಿ ಕಚೇರಿಗಳಲ್ಲಿ ಕನ್ನಡ ಕೇಳುವುದು ಕಡಿಮೆಯಾಗುತ್ತ ಬಂತು. ನಾಲ್ಕು ಜನರ ಎದುರು ಗಟ್ಟಿಯಾಗಿ ಕನ್ನಡ ಕೇಳುವ ಜಾಗ ಎಂದರೆ ಶಾಲೆ, ಭಜನೆ, ಯಕ್ಷಗಾನದ ಆಟ, ತಾಳಮದ್ದಳೆಯ ಕೂಟ, ನಾಟಕ. ಅಂಥಲ್ಲಿ ಮಾತು ತಿದ್ದಿದವರ ಹೆಸರನ್ನೇ ಬಿಟ್ಟೆವು ಎಂದರೆ ನಾನು ಪತ್ರಿಕೆ ನಡೆಸುವುದು ಯಾಕೆ ಎಂಬ ಪ್ರಶ್ನೆ ಬರುತ್ತದೆ.

ಪ್ರಸಾಧನ ಮಾಡಿದವರು, ಹಾರ್ಮೋನಿಯಂ ಮತ್ತು ತಬಲಾದವರು, ಪರದೆ ಎಳೆದ ಹುಡುಗ, ಪ್ರಾಂಪ್ಟ್ ಮಾಡಿದವರು, ರಾತ್ರಿ ತಾಲೀಮಿಗೆ ಅವಲಕ್ಕಿ ಚಹಾ ತಂದವರು, ಎಲ್ಲರನ್ನೂ ಕಂಡೆ. ಅವರ ಮಾತು ಈ ಸಂಚಿಕೆಯಲ್ಲೇ ಬೇರೆ ಕಡೆ ಇದೆ.

ನೀವು ಆಟ ನೋಡುವವರು ಎಂದು ಪತ್ರದಲ್ಲೇ ಗೊತ್ತಾಗುತ್ತದೆ. ಹಾಗಾಗಿ ಕೇಳುತ್ತೇನೆ. ಯಕ್ಷಗಾನ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ನೆಲ ಇದು. ಇಲ್ಲಿ ಯಕ್ಷಗಾನದ ಕರಪತ್ರದಲ್ಲಿ ಮೊದಲು ಯಾರ ಹೆಸರು ಬರುತ್ತದೆ? ಹಿಮ್ಮೇಳದವರದ್ದು. ಪದ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಚಕ್ರತಾಳ. ಆಮೇಲೆ ಮುಮ್ಮೇಳ, ಅಂದರೆ ವೇಷ ಹಾಕುವವರು. ಭಾಗವತರನ್ನೇ ಮೊದಲನೇ ವೇಷ ಎನ್ನುವ ಮಾತೂ ಇದೆ. ಅವರು ಬಣ್ಣ ಹಚ್ಚುವುದಿಲ್ಲ, ಕುಣಿಯುವುದಿಲ್ಲ, ಆದರೆ ಆಟವನ್ನು ನಡೆಸುವವರು ಅವರೇ ಎಂದು ಮಕ್ಕಳಿಗೂ ಗೊತ್ತು. ‘ಇವತ್ತು ಯಾರ ಪದ?’ ಎಂದು ಕೇಳಿಯೇ ಜನ ಆಟಕ್ಕೆ ಹೋಗುತ್ತಾರೆ. ಇಷ್ಟು ಒಳ್ಳೆಯ ಕ್ರಮ ನಮ್ಮಲ್ಲೇ ಇತ್ತು. ನಾಟಕದ ಕರಪತ್ರ ಮಾಡುವಾಗ ಅದನ್ನು ಹೇಗೆ ಮರೆತೆವು? ಹಿಮ್ಮೇಳ ಎದುರಿಗೇ ಕೂತಿರುತ್ತದೆ. ನಾಟಕದ ಹಿಮ್ಮೇಳ ಸೈಡ್ ವಿಂಗ್‌ನ ಕತ್ತಲಲ್ಲಿ ನಿಂತಿರುತ್ತದೆ. ಕಣ್ಣಿಗೆ ಬೀಳದ್ದು ನೆನಪಿಗೂ ಬೀಳಲಿಲ್ಲ ಎಂದು ಕಾಣುತ್ತದೆ. ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಟ್ಟುವವರಿಗೂ ಭಾಗವತರಷ್ಟು ಹೆಸರು ಸಿಗುವುದಿಲ್ಲ, ಅದೂ ನಿಜ.

ಕಾನೂನನ್ನೂ ಒಮ್ಮೆ ನೋಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಒಂದು ತಿದ್ದುಪಡಿ ಬಂತು. ಪ್ರದರ್ಶನ ಕೊಟ್ಟವರಿಗೆ ‘ಇದು ನನ್ನ ಪ್ರದರ್ಶನ, ನನ್ನ ಹೆಸರು ಹೇಳಿ’ ಎಂದು ಕೇಳುವ ಹಕ್ಕು ಅದರಿಂದ ಸಿಕ್ಕಿತು. ಪ್ರದರ್ಶನ ಕೊಡುವವರು ಎಂದರೆ ಯಾರು? ನಟ, ಗಾಯಕ, ವಾದ್ಯ ನುಡಿಸುವವರು, ನರ್ತಕ, ದೊಂಬರಾಟದವರು, ಹಾವಾಡಿಗ, ಉಪನ್ಯಾಸ ಕೊಡುವವರು ಎಂದು ಕಾಯ್ದೆ ಹೆಸರು ಹಿಡಿದು ಹೇಳುತ್ತದೆ. ಹಾವಾಡಿಗರನ್ನು ನೆನಪಿಟ್ಟುಕೊಂಡದ್ದು ಒಳ್ಳೆಯದೇ. ಆದರೆ ಬೆಳಕು ಕೊಟ್ಟವರು, ಬಟ್ಟೆ ಹೊಲಿದವರು ಆ ಸಾಲಿನಲ್ಲಿ ಇಲ್ಲ. ಹಾಗಾಗಿ ಅವರ ಹೆಸರು ಉಳಿಯಬೇಕಾದರೆ ಕರಪತ್ರದಲ್ಲಿ ಉಳಿಯಬೇಕು, ನಮ್ಮಂಥ ಸಣ್ಣ ಪತ್ರಿಕೆಯಲ್ಲಿ ಉಳಿಯಬೇಕು.

ನಿಮ್ಮ ಎರಡು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ‘ನಟರು ಬಣ್ಣ ಹಚ್ಚಿ ಬಂದು ಹೋಗುತ್ತಾರೆ, ಅವರದ್ದೇನು ದೊಡ್ಡದು’ ಎಂದಿದ್ದೀರಿ. ಹಾಗಲ್ಲ ಟೀಚರ್. ಅಷ್ಟು ಜನರ ಎದುರು ನಿಂತು ಮಾತು ಮರೆತರೆ ಆ ಹೊತ್ತಿನ ಸಂಕಟ ಅವರೊಬ್ಬರದ್ದೇ. ನಿರ್ದೇಶಕರ ಬಗ್ಗೆಯೂ ಸ್ವಲ್ಪ ಸಿಟ್ಟಿನಲ್ಲಿ ಬರೆದಿದ್ದೀರಿ. ಅವರು ಯಾರ ಕೆಲಸವನ್ನೂ ತನ್ನದೆಂದು ನನಗೆ ಹೇಳಿರಲಿಲ್ಲ. ನಾನೇ ಕೇಳದೆ ಎಲ್ಲವನ್ನೂ ಅವರ ಹೆಸರಿಗೆ ಹಾಕಿದೆ. ಗಿಡ್ಡ ಬಾಗಿಲಿನ ವಿಷಯ ನನಗೆ ಹೇಳಿದ್ದೇ ಅವರು. 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯಿತು. ಅಲ್ಲಿ ನಟನೆಯ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನವನ್ನೂ ಕಲಿಸುತ್ತಾರೆ. ಈ ನಿರ್ದೇಶಕರು ಎಲ್ಲಿಯೂ ಕಲಿತವರಲ್ಲ, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು. ಆದರೂ ಪ್ರತಿ ನಟನಿಗೆ ಒಂದು ವಾರ ಪರದೆಯ ಹಿಂದಿನ ಕೆಲಸ ಕೊಟ್ಟರು. ದಲ್ಲಾಳಿ ಪಾತ್ರದ ಹುಡುಗ ಗೋಣಿಗೆ ಕೆಮ್ಮಣ್ಣು ಬಳಿದಿದ್ದಾನೆ.

ಇನ್ನು ಮುಂದೆ ಏನು ಮಾಡುತ್ತೇವೆ ಎಂದು ಕೇಳಿದ್ದೀರಿ. ಸುಮ್ನೆ ಹದಿನಾಲ್ಕು ಹೆಸರಿನ ಪಟ್ಟಿ ಹಾಕಿದರೆ ಮನೆಯವರು ಬಿಟ್ಟು ಬೇರೆ ಯಾರೂ ಓದುವುದಿಲ್ಲ. ಹೆಸರಿನ ಜೊತೆ ಅವರು ಏನು ಮಾಡಿದರು ಎಂದು ಒಂದು ವಾಕ್ಯವಾದರೂ ಇರಬೇಕು. ಹಾಗೆ ಬರೆಯಬೇಕಾದರೆ ನಾಟಕ ನೋಡಿದರೆ ಸಾಲದು, ಒಂದು ತಾಲೀಮಿಗೂ ಹೋಗಬೇಕು. ನಾಟಕದ ಬಗ್ಗೆ ಬರೆಯುವ ನಮ್ಮ ಎಲ್ಲರಿಗೂ ಈ ಮಾತು ಹೇಳಿದ್ದೇನೆ. ತಂಡಗಳಿಗೂ ಒಂದು ಕೋರಿಕೆ: ಕರಪತ್ರ ಅಚ್ಚಿಗೆ ಕೊಡುವ ಮೊದಲು ಹಿಂದಿನವರ ಹೆಸರು ಬರೆದುಕೊಳ್ಳಿ, ಮುಂದಿನವರದ್ದು ಹೇಗೂ ಮರೆಯುವುದಿಲ್ಲ. ಹೊಲಿದವರ ಹೆಸರನ್ನು ಧನ್ಯವಾದದ ಕೊನೆಗೆ ಇಡಬೇಡಿ. ಆ ಹೊತ್ತಿಗೆ ಜನ ಚಪ್ಪಲಿ ಹುಡುಕುತ್ತಿರುತ್ತಾರೆ.

ಕೊನೆಗೆ ನಿಮ್ಮ ಸೊಸೆಯವರ ವಿಷಯ. ಆ ಭಾನುವಾರ ಅವರೂ ಬಂದಿದ್ದರು. ನೀವು ಪತ್ರ ಬರೆದದ್ದು ಅವರಿಗೆ ಗೊತ್ತಿರಲಿಲ್ಲ. ಅಜ್ಜನ ಪಂಚೆ ಅಷ್ಟು ಹಳತಾಗಿ ಕಂಡದ್ದು ಹೇಗೆ ಎಂದು ಕೇಳಿದೆ. ಅದು ಅಂಗಡಿಯ ಹೊಸ ಪಂಚೆಯಂತೆ. ಬಿಳಿ ಬಟ್ಟೆ ಲೈಟಿಗೆ ಕಣ್ಣು ಕುಕ್ಕುತ್ತದೆ ಎಂದು ಬೆಳಕಿನವರು ಹೇಳಿದ್ದರು. ಇವರು ಮೂರು ಪಾತ್ರೆ ಚಹಾ ಕುದಿಸಿ ಅದರಲ್ಲಿ ರಾತ್ರಿಯಿಡೀ ನೆನೆಸಿಟ್ಟರು. ಮೊದಲ ಸಲ ಕಲೆ ಕಲೆಯಾಯಿತು, ಮತ್ತೆ ಒಗೆದು ಇನ್ನೊಮ್ಮೆ ಅದ್ದಿದರು. ಎರಡು ಪಾತ್ರ ಮಾಡುವ ಹುಡುಗನಿಗೆ ಬಟ್ಟೆ ಬದಲಿಸಲು ಸಿಗುವುದು ಒಂದು ನಿಮಿಷಕ್ಕೂ ಕಡಿಮೆ. ಗುಂಡಿ ಹಾಕಿದರೆ ತಡ, ವೆಲ್ಕ್ರೋ ಹಾಕಿದರೆ ಬಿಚ್ಚುವಾಗ ‘ಚರ್ರ್’ ಎಂದು ಮುಂದಿನ ಸಾಲಿಗೆ ಕೇಳುತ್ತದೆ. ಅದಕ್ಕೆ ಬೆನ್ನ ಹಿಂದೆ ಲಾಡಿ ಇಟ್ಟು, ಒಂದು ಎಳೆತಕ್ಕೆ ಬಿಚ್ಚುವ ಗಂಟು ಕಲಿಸಿದರು.

‘ನಿಮ್ಮ ಹೆಸರಿನ ಜೊತೆ ಏನೆಂದು ಹಾಕಲಿ?’ ಎಂದು ಅವರನ್ನು ಕೇಳಿದೆ. ‘ಹೊಲಿದದ್ದು ಅಂತ ಹಾಕಿ, ಸಾಕು’ ಎಂದರು. ಈ ಸಂಚಿಕೆಯ 12ನೇ ಪುಟ ನೋಡಿ ಟೀಚರ್. ಹದಿನಾಲ್ಕು ಹೆಸರೂ ಅಲ್ಲಿವೆ. ಅವರ ಹೆಸರಿನ ಜೊತೆ ನಾನು ‘ವಸ್ತ್ರವಿನ್ಯಾಸ’ ಎಂದು ಹಾಕಿದ್ದೇನೆ. ಪಂಚೆಯನ್ನು ಚಹಾದಲ್ಲಿ ಅದ್ದಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಿಮ್ಮವನೇ,
ಸಂಪಾದಕ