ಎ, ಇ, ಐ, ಓ, ಯು ಐದೂ ಸ್ವರ ಸಾಲಾಗಿ ಬರುವ ಇಂಗ್ಲಿಷ್ ಪದ ಇದೆಯಾ?

ಇದೆ, ಆದರೆ ಕಡಿಮೆ. ಐದೂ ಅಕ್ಷರ ಹೇಗೋ ಬಂದರೆ ಸಾಕು ಅಂದರೆ ಸುಲಭ, ದಿನಾ ಬಳಸುವ ಎಜುಕೇಶನ್ ಪದದಲ್ಲೇ ಐದೂ ಇವೆ. ಕ್ಯಾಲಿಫೋರ್ನಿಯಾದ ಎತ್ತರದ ಮರ ಸಿಕೋಯಾ (sequoia) ಇನ್ನೂ ಚೆಂದ, 7 ಅಕ್ಷರದಲ್ಲೇ ಐದೂ ಮುಗಿಯುತ್ತವೆ.

ನೀವು ಕೇಳಿದ ಹಾಗೆ ಅದೇ ಕ್ರಮದಲ್ಲಿ, ಒಂದೊಂದೇ ಸಲ ಬೇಕು ಅಂದರೆ ಮೊದಲು ನೆನಪಾಗುವುದು ಫಸೀಷಸ್ (facetious), ಅಂದರೆ ಗಂಭೀರ ವಿಷಯ ನಡೆಯುವಾಗ ಬೇಡದ ತಮಾಷೆ ಮಾಡುವವರ ಗುಣ. ನನಗೆ ಇಷ್ಟವಾದದ್ದು ಅಬ್‌ಸ್ಟೀಮಿಯಸ್ (abstemious), 10 ಅಕ್ಷರ. ಲ್ಯಾಟಿನ್‌ನಲ್ಲಿ 'ಆಬ್ಸ್' ಅಂದರೆ ದೂರ, 'ತೆಮೇತಮ್' ಅಂದರೆ ಮದ್ಯ, ಹಾಗಾಗಿ ಮೊದಲು ಮದ್ಯದಿಂದ ದೂರ ಇರುವವರು ಅಂತಿದ್ದ ಅರ್ಥ ಈಗ ಊಟ, ಕುಡಿತ ಎರಡರಲ್ಲೂ ಹಿತಮಿತವಾಗಿ ಇರುವವರು ಅಂತ ಆಗಿದೆ. ಆರ್ಸೀನಿಯಸ್ (arsenious) ಕೂಡ ಇದೆ, ಪಾಷಾಣ ಇರುವಂಥದ್ದು ಅಂತ ಅರ್ಥ, ರಸಾಯನಶಾಸ್ತ್ರದ ಹೊರಗೆ ಜಾಸ್ತಿ ಕಾಣುವುದಿಲ್ಲ.

ಒಂದು ಮಾತು, ಇವನ್ನು ಸುಮ್ನೆ ಕೇಳಿದರೆ ಐದು ಸ್ವರ ಕಿವಿಗೆ ಸಿಗುವುದಿಲ್ಲ. ನಮ್ಮ ಕನ್ನಡದ ಹಾಗೆ ಬರೆದದ್ದನ್ನೇ ಓದುವ ಭಾಷೆ ಅಲ್ಲ ಅಲ್ವಾ, ಹಾಳೆಯ ಮೇಲೆ ಇಂಗ್ಲಿಷ್‌ನಲ್ಲೇ ಬರೆದು ನೋಡಿ. ಫಸೀಷಸ್ಲಿ ಅಂತ ಬರೆದರೆ ಕೊನೆಗೆ ವೈ ಕೂಡ ಸೇರಿಕೊಳ್ಳುತ್ತದೆ!