ಅವರು ಮಾಯವಾಗಲಿಲ್ಲ, ಗುಳೆ ಹೋದರು

ಪತ್ರ: ಫೀನಿಕ್ಸ್‌ನಲ್ಲಿರುವ ಮಗಳು ನಮ್ಮನ್ನು ಕೊಲರಾಡೊದ ಮೆಸಾ ವರ್ಡೆಗೆ ಕರೆದುಕೊಂಡು ಹೋಗಿದ್ದಳು. ಬಂಡೆಯ ಪೊಟರೆಯೊಳಗೆ ಒಂದು ಊರನ್ನೇ ಕಟ್ಟಿದ್ದಾರೆ! ಅದನ್ನು ಕಟ್ಟಿದ ಅನಸಾಜಿ ಎಂಬ ಹಳೆಯ ಕಾಲದ ಜನ ಇದ್ದಕ್ಕಿದ್ದಂತೆ ಮಾಯವಾದರಂತೆ, ನಿಜವೇ? ಬರಹವೇ ಇಲ್ಲದವರ ಕಾಲವನ್ನು ಇಸವಿ ಸಮೇತ ಹೇಗೆ ಹೇಳುತ್ತಾರೆ? ಬಂಡೆಚಿತ್ರದ ಕೈಗುರುತಿನ ಮೇಲೆ ನಾನು ಅಂಗೈ ಇಟ್ಟ ಫೋಟೊ ಕಳಿಸಿದ್ದೇನೆ, ಪ್ರಕಟಿಸಿ.

ಸಂಪಾದಕರ ಉತ್ತರ: ಇಸವಿಯ ಗುಟ್ಟು ಇರುವುದು ಚಾವಣಿಯ ತೊಲೆಗಳಲ್ಲಿ. ಮಳೆ ಚೆನ್ನಾಗಿ ಬಿದ್ದ ವರ್ಷ ಮರದೊಳಗಿನ ಉಂಗುರ ದಪ್ಪ, ಬರ ಬಿದ್ದ ವರ್ಷ ತೆಳು. ಒಂದು ಸೀಮೆಯ ಮರಗಳಲ್ಲಿ ಈ ದಪ್ಪ–ತೆಳುವಿನ ಸಾಲು ಹೆಚ್ಚುಕಡಿಮೆ ಒಂದೇ ಥರ. ಈಗಿನ ಮರದ ಸಾಲಿಗೆ ಹಳೆಯ ಮರದ್ದು, ಅದಕ್ಕೆ ಇನ್ನೂ ಹಳೆಯ ತೊಲೆಯದ್ದು ಹೊಂದಿಸುತ್ತಾ ಹಿಂದೆ ಹಿಂದೆ ಹೋಗಬಹುದು. ಈ ಲೆಕ್ಕ ಶುರುಮಾಡಿದ ಎ.ಇ. ಡಗ್ಲಾಸ್ ಆಕಾಶ ನೋಡುವ ಖಗೋಳ ವಿಜ್ಞಾನಿ! ಸೂರ್ಯನ ಮೇಲಿನ ಕಪ್ಪು ಕಲೆಗಳಿಗೂ ಮಳೆಗೂ ನಂಟಿದೆಯಾ ಅಂತ ಹುಡುಕುತ್ತಾ ಮರಕ್ಕೆ ಬಂದವರು. ಅವರ ಸಾಲಿನ ನಡುವೆ ಒಂದು ಕೊಂಡಿ ಸಿಗದೆ ಸತಾಯಿಸುತ್ತಿತ್ತು. 1929ರಲ್ಲಿ ಅರಿಜೋನಾದ ಶೋ ಲೋದಲ್ಲಿ ಸಿಕ್ಕ ಸುಟ್ಟ ತೊಲೆಯೊಂದು ಅದನ್ನು ಕೂಡಿಸಿತು. ಹೊರಗಿನ ತೊಗಟೆ ಉಳಿದಿದ್ದರೆ ಮರ ಕಡಿದ ವರ್ಷವೇ ಗೊತ್ತಾಗುತ್ತದೆ.

ಅದೇ ಉಂಗುರಗಳು 1276ರಿಂದ 1299ರವರೆಗೆ ಬಿದ್ದ ದೊಡ್ಡ ಬರವನ್ನೂ ತೋರಿಸುತ್ತವೆ. ನೀವು ನೋಡಿದ ಕ್ಲಿಫ್ ಪ್ಯಾಲೇಸ್‌ನಲ್ಲಿ ಸುಮಾರು 150 ಕೋಣೆಗಳಿವೆ. ಅಷ್ಟು ಜನ ಮೆಕ್ಕೆಜೋಳ ಬೆಳೆದು ಉಣ್ಣಬೇಕಿತ್ತು, ಅಲ್ವಾ? ಬರ ಒಂದೇ ಕಾರಣವಲ್ಲ, ಜಗಳ–ಹೊಡೆದಾಟಗಳೂ ಇದ್ದವು. 1300ರ ಹೊತ್ತಿಗೆ ಆ ಸೀಮೆ ಖಾಲಿ. ಜನ ದಕ್ಷಿಣಕ್ಕೆ ಗುಳೆ ಹೋದರು. ಅವರ ಮಕ್ಕಳು–ಮರಿಗಳೇ ಇಂದಿನ ಹೋಪಿ, ಜೂನಿ, ಆಕೋಮಾ ಮುಂತಾದ ಪ್ಯೂಬ್ಲೊ ಜನ, ಅಮೆರಿಕದ ಮೂಲನಿವಾಸಿಗಳು. 'ಮಾಯವಾದರು' ಎನ್ನುವ ವಿಡಿಯೊಗಳು ಇವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಕೇಳಿದವರೂ ಇದ್ದಾರೆ. 1942ರಲ್ಲಿ ನಾಲ್ವರು ಹೋಪಿ ಗಂಡಸರು ಮೆಸಾ ವರ್ಡೆಯಲ್ಲಿ ಚಿತ್ರ ಕೆತ್ತಿರುವ ಪೆಟ್ರೊಗ್ಲಿಫ್ ಪಾಯಿಂಟ್ ಬಂಡೆಯ ಮುಂದೆ ನಿಂತು ಕೆಲವು ಗುರುತುಗಳನ್ನು ವಿವರಿಸಿದರು. ಇದು ಯಾವ ಕುಲದ್ದು, ಆ ಸುರುಳಿ ಏನು ಹೇಳುತ್ತದೆ ಅಂತ. ನಮಗೆ ಸುಮ್ನೆ ಗೀಚಿದಂತೆ ಕಾಣುವುದು ಅವರಿಗೆ ಮನೆತನದ ವಲಸೆಯ ಕಥೆ.

ಇನ್ನು ನಿಮ್ಮ ಫೋಟೊ. ಕ್ಷಮಿಸಿ, ಪ್ರಕಟಿಸುವುದಿಲ್ಲ. ಅಂಗೈಯ ಜಿಡ್ಡು ಬಂಡೆಗೆ ಹತ್ತಿ ಚಿತ್ರವನ್ನು ಕೆಡಿಸುತ್ತದೆ. ಅಲ್ಲಿ ಮುಟ್ಟುವಂತೆಯೂ ಇಲ್ಲ. ಅಚ್ಚಾದರೆ ಅದನ್ನು ನೋಡಿ ಇನ್ನಷ್ಟು ಜನ ಕೈ ಇಡುತ್ತಾರೆ. ದೂರದಿಂದ ತೆಗೆದ ಕ್ಲಿಫ್ ಪ್ಯಾಲೇಸ್ ಫೋಟೊ ಇದ್ದರೆ ಕಳಿಸಿ, ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇವೆ.