ಪ್ಲಾಸ್ಟಿಕ್ ಸುತ್ತಿಗೆಯಿಂದ ಮೊಳೆ ಇಳಿಯುವುದಿಲ್ಲ

ಮೊದಲು ಸ್ವಿಚ್‌ಬೋರ್ಡ್ ಮಾತು ಮುಗಿಸಿಬಿಡೋಣ, ಆಟಿಕೆ ಟೂಲ್ ಕಿಟ್ ಆಮೇಲೆ. ಐದೂವರೆ ವರ್ಷದ ಮಗ ಡ್ರಾಯರಿನಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು ರಿಮೋಟ್, ಟಾರ್ಚ್ ಎಲ್ಲ ಬಿಚ್ಚುತ್ತಾನೆ, ಹೋದ ವಾರ ಸ್ವಿಚ್‌ಬೋರ್ಡಿನ ಒಂದು ತಿರುಪನ್ನು ಅರ್ಧ ತೆಗೆದಿದ್ದ, ಇವನಿಗೆ ಅಪಾಯವಿಲ್ಲದ ಕಿಟ್ ಯಾವುದು ಕೊಡಿಸಲಿ, ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಾಳೆ ಎಂದು ಕೇಳಿದ್ದೀರಿ. ನಿಮ್ಮ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯಾ ಇವತ್ತೇ ನೋಡಿ. ಎಂಸಿಬಿ ಇದೆಯಲ್ಲ, ಸಾಕು ಅಂತ ಬಹಳ ಜನ ಸುಮ್ಮನಿರುತ್ತಾರೆ. ಎಂಸಿಬಿ ಅಂದರೆ ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್, ಅದು ಕಾಯುವುದು ವೈರನ್ನು. ಮೈ ಮೂಲಕ ಕರೆಂಟ್ ನೆಲಕ್ಕೆ ಸೋರಿದರೆ ಅದನ್ನು ಗುರುತಿಸಿ ಲೈನ್ ಕಡಿಯುವುದು ಆರ್‌ಸಿಸಿಬಿ. ಅದಿಲ್ಲದಿದ್ದರೆ ಕಿಟ್‌ಗೆ ಎತ್ತಿಟ್ಟ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಮಗನಿಗೆ ಒಂದೇ ಕಾನೂನು ಸಾಕು: ಗೋಡೆಯಲ್ಲಿರೋದು ಅಪ್ಪಂದು, ನೆಲದ ಮೇಲಿರೋದು ನಿಂದು.

ನನ್ನದು ಶಿವಮೊಗ್ಗದಲ್ಲಿ ಚಿಕ್ಕ ಹಾರ್ಡ್‌ವೇರ್ ಅಂಗಡಿ. ಮಗಳಿಗೆ ಈಗ ಹತ್ತು ವರ್ಷ, ನಾಲ್ಕೂವರೆಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಕೂತು ಮೊಳೆ ವಿಂಗಡಿಸುವುದರಿಂದ ಶುರು ಮಾಡಿದವಳು. ಸುತ್ತಿಗೆ ಮಾರುವವನು ಸುತ್ತಿಗೆ ಕೊಡಿಸಿ ಅಂದರೆ ನಂಬಬೇಕಾ ಎಂದು ನಿಮಗನಿಸಬಹುದು. ಒಂದು ಸಣ್ಣ ಸುತ್ತಿಗೆಯಲ್ಲಿ ನನಗೆ ಗಿಟ್ಟುವುದರಲ್ಲಿ ಬೈಟು ಕಾಫಿಯೂ ಬರುವುದಿಲ್ಲ, ಹಾಗಾಗಿ ನಂಬಬಹುದು.

ಬಣ್ಣಬಣ್ಣದ ಪ್ಲಾಸ್ಟಿಕ್ ಟೂಲ್ ಕಿಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎರಡು, ಮೂರು ವರ್ಷದ ಮಕ್ಕಳಿಗೆ ಅದು ಅಡುಗೆ ಸೆಟ್ ಇದ್ದ ಹಾಗೆ, ಅಭಿನಯದ ಆಟ. ಆದರೆ ನಿಮ್ಮ ಮಗ ಒಮ್ಮೆ ನಿಜವಾದ ತಿರುಪು ತಿರುಗಿಸಿ, ಅದು ಸಡಿಲವಾಗಿ ಕೈಗೆ ಬರುವ ರುಚಿ ನೋಡಿಯಾಗಿದೆ. ಅವನ ಕೈಗೆ ಏನೂ ಬಿಗಿಯಾಗದ, ಏನೂ ಸಡಿಲವಾಗದ ಸ್ಪಾನರ್ ಕೊಟ್ಟರೆ ಎರಡು ದಿನಕ್ಕೆ ಮೂಲೆಗೆ ಬೀಳುತ್ತದೆ, ಅವನು ಮತ್ತೆ ಡ್ರಾಯರಿಗೆ ಹೋಗುತ್ತಾನೆ, ಈ ಸಲ ನೀವಿಲ್ಲದ ಹೊತ್ತು ನೋಡಿಕೊಂಡು. ಕೆಲಸ ಮಾಡದ ಹತಾರ ಮಗುವನ್ನು ಕಾಯುವುದಿಲ್ಲ.

ಸದ್ದು, ಲೈಟು ಇರುವ ಕಿಟ್ ಬಗ್ಗೆ ನನಗೆ ಸ್ವಂತ ಸಿಟ್ಟೂ ಇದೆ. ಮಗಳ ಹುಟ್ಟುಹಬ್ಬಕ್ಕೆ ನೆಂಟರೊಬ್ಬರು ಗುರ್ರ್ ಎನ್ನುವ ಆಟದ ಡ್ರಿಲ್ ಇದ್ದ ಕಿಟ್ ತಂದಿದ್ದರು, ಯಾವ ಕಂಪನಿ ಎಂದು ಡಬ್ಬಿಯ ಮೇಲೆ ಹೆಸರೂ ಸರಿಯಾಗಿರಲಿಲ್ಲ. ಮೂರನೇ ದಿನ ಡ್ರಿಲ್ ಸುಮ್ಮನಾಯಿತು. ಚಾಪೆ ಎತ್ತಿದರೆ ಬ್ಯಾಟರಿ ಮುಚ್ಚಳ ಒಂದು ಕಡೆ, ಬಟನ್ ಸೆಲ್ ಇನ್ನೊಂದು ಕಡೆ. ಮುಚ್ಚಳಕ್ಕೆ ತಿರುಪೇ ಇರಲಿಲ್ಲ, ಉಗುರಿನಿಂದ ಎತ್ತಿದರೆ ಬರುತ್ತಿತ್ತು. ಆ ಸೆಲ್ ಮಗುವಿನ ಹೊಟ್ಟೆಗೆ ಇಳಿದರೆ ಬಹಳ ಸಲ ತಾನಾಗಿ ಹೊರಗೆ ಹೋಗುತ್ತದೆ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಕಥೆಯೇ ಬೇರೆ. 20 ಮಿ.ಮೀ. ಅಗಲದ ಲಿಥಿಯಂ ಸೆಲ್ ಅಲ್ಲಿ ಒದ್ದೆ ಮಾಂಸಕ್ಕೆ ಎರಡೂ ಕಡೆ ತಾಗಿ ಕರೆಂಟ್ ಹರಿಸುತ್ತದೆ, ಆ ಜಾಗದಲ್ಲಿ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟುತ್ತದೆ, 2 ಗಂಟೆಯೊಳಗೆ ನಾಳ ಸುಡಲು ಶುರುವಾಗಬಹುದು. ಟಾರ್ಚ್ ಉರಿಸಲು ಶಕ್ತಿಯಿಲ್ಲದ 'ಸತ್ತ' ಸೆಲ್ಲಿಗೂ ಇಷ್ಟು ಮಾಡಲು ಶಕ್ತಿ ಇರುತ್ತದೆ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ, ಬೆಳಗ್ಗೆ ನೋಡೋಣ ಅನ್ನಬೇಡಿ, ನೇರ ಎಕ್ಸ್‌ರೇ ಇರುವ ಆಸ್ಪತ್ರೆಗೆ. ಅಂಗಡಿಯಲ್ಲೇ ಕಿಟ್ ತಿರುಗಿಸಿ ಬ್ಯಾಟರಿ ಮುಚ್ಚಳ ನೋಡಿ: ತಿರುಪು ಇಲ್ಲದಿದ್ದರೆ ವಾಪಸ್ ಇಡಿ. ಎಲೆಕ್ಟ್ರಿಕ್ ಬೇಡವೇ ಬೇಡ ಅಂದುಕೊಂಡರೆ ಇನ್ನೂ ಒಳ್ಳೆಯದು. ಆಯಸ್ಕಾಂತದ ಬಿಲ್ಲೆ ಜೋಡಿಸುವ ಸೆಟ್‌ಗಳಿಗೂ ಇದೇ ಮಾತು. ಬಿಲ್ಲೆ ಒಡೆದು ಒಳಗಿನ ಎರಡು ಆಯಸ್ಕಾಂತ ಹೊಟ್ಟೆ ಸೇರಿದರೆ ಕರುಳಿನ ಎರಡು ಮಡಿಕೆಗಳನ್ನು ಹಿಡಿದು ಎಳೆದು ತೂತು ಮಾಡುತ್ತವೆ. ಬಿರುಕು ಬಿಟ್ಟದ್ದು ನೇರ ಕಸಕ್ಕೆ.

ಐಎಸ್‌ಐ ಗುರುತು ಇದೆಯಾ ಎನ್ನುವುದು ಮುಖ್ಯ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ನಮ್ಮಲ್ಲಿ ಅದು ಕಡ್ಡಾಯ. ಸಾದಾ ಆಟಿಕೆಯಾದರೆ ಗುರುತಿನ ಮೇಲೆ ಐಎಸ್ 9873, ಕರೆಂಟ್ ಅಥವಾ ಬ್ಯಾಟರಿಯದ್ದಾದರೆ ಐಎಸ್ 15644 ಎಂದಿರುತ್ತದೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್. ಆ ನಂಬರನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿಗೆ, ಯಾವ ವಸ್ತುವಿಗೆ ಕೊಟ್ಟದ್ದು ಎಂದು ಬರುತ್ತದೆ. ಕುಕ್ಕರಿನ ನಂಬರ್ ಆಟಿಕೆ ಮೇಲೆ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚನ್ನಪಟ್ಟಣದ ಆಟಿಕೆಯಲ್ಲಿ ಐಎಸ್‌ಐ ಕಾಣದಿದ್ದರೆ ಗಾಬರಿಯಾಗಬೇಡಿ. ನೋಂದಾಯಿತ ಕುಶಲಕರ್ಮಿಗಳು ಮಾಡುವುದಕ್ಕೆ, ಭೌಗೋಳಿಕ ಗುರುತು (ಜಿಐ ಟ್ಯಾಗ್) ಇರುವುದಕ್ಕೆ ವಿನಾಯಿತಿ ಇದೆ. ನಿಮ್ಮ ಪುಟ್ಟ ಮಗಳಿಗೆ ನಾನು ಕೊಡಿಸಿ ಅನ್ನುವುದು ಅದನ್ನೇ: ದಪ್ಪ ಗೂಟಗಳನ್ನು ಮರದ ಕೊಡತಿಯಿಂದ ಬಡಿದು ತೂತಿಗೆ ಇಳಿಸುವ ಹಲಗೆ. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹಿಡಿದುಕೊಳ್ಳುತ್ತದಲ್ಲ, ಆ ಬಣ್ಣ ಬೇಗ ಚಕ್ಕೆ ಏಳುವುದಿಲ್ಲ. ಮೈಸೂರು ರಸ್ತೆಯ ಪಕ್ಕ ನೇತುಹಾಕಿದ್ದೆಲ್ಲ ಚನ್ನಪಟ್ಟಣದ್ದಲ್ಲ ಅನ್ನೋದು ನಿಮಗೂ ಗೊತ್ತಿರುತ್ತದೆ. ಮೂಸಿ ನೋಡಿ, ಪೇಂಟ್ ಅಂಗಡಿ ವಾಸನೆ ಬಂದರೆ ಬೇಡ.

ಅಣ್ಣನ ಕಿಟ್‌ನಲ್ಲಿ ತಂಗಿಗೆ ಅಪಾಯವಾದದ್ದು ಯಾವುದು ಎಂದು ಮನೆಯಲ್ಲೇ ಅಳೆಯಬಹುದು. ಮೂರು ವರ್ಷದೊಳಗಿನವರ ಆಟಿಕೆ ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಸಿಲಿಂಡರ್ ಬಳಸುತ್ತಾರೆ, ಅದರೊಳಗೆ ಪೂರ್ತಿ ಮುಳುಗುವುದು ಗಂಟಲಿಗೂ ಸಿಗಬಹುದು ಅನ್ನುವ ಲೆಕ್ಕ. ಡ್ರಾಯಿಂಗ್ ಶೀಟಿನಿಂದ ಸರಿಯಾಗಿ 10 ಸೆಂ.ಮೀ. ಉದ್ದ, 5.7 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಉದ್ದದ ಎರಡು ತುದಿ ಒಂದರ ಮೇಲೊಂದು ಬರದಂತೆ ಕೂಡಿಸಿ ಹೊರಗಿನಿಂದ ಟೇಪ್ ಹಚ್ಚಿ, ಕೊಳವೆಯಾಗಲಿ. ಸುತ್ತಳತೆ 10 ಸೆಂ.ಮೀ. ಅಂದರೆ ಅಗಲ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಹತ್ತು ರೂಪಾಯಿ ನಾಣ್ಯ 27 ಮಿ.ಮೀ., ಆರಾಮಾಗಿ ಒಳಗೆ ಹೋಗುತ್ತದೆ. ಅಣ್ಣನ ನಟ್ಟು, ಬೋಲ್ಟು, ತಿರುಪು ಎಲ್ಲವೂ ಹೋಗುತ್ತವೆ. ಅವು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಎತ್ತರದ ಶೆಲ್ಫಿನಲ್ಲಿರಬೇಕು.

ಈಗ ಮಗನ ಕಿಟ್. ನನ್ನ ಸಲಹೆ ಸಿದ್ಧ ಕಿಟ್ ಕೊಳ್ಳದೆ ನೀವೇ ಒಂದು ಡಬ್ಬಿ ಕಟ್ಟಿಕೊಡಿ ಎಂದು. ಇವು ಆಟಿಕೆಯಲ್ಲ, ನಿಜವಾದ ಹತಾರ. ಆಟಿಕೆಯ ಐಎಸ್‌ಐ ಗುರುತನ್ನು ಇಲ್ಲಿ ಹುಡುಕಬೇಡಿ, ಇಲ್ಲಿ ಗುರುತು ನಿಮ್ಮ ಕಣ್ಣೇ.

ಸುತ್ತಿಗೆ 100 ಗ್ರಾಂನದ್ದು, ಅಕ್ಕಸಾಲಿಗರು ಬಳಸುವಷ್ಟು ಹಗುರ. ದೊಡ್ಡವರ ಅರ್ಧ ಕೆ.ಜಿ. ಸುತ್ತಿಗೆ ಕೊಟ್ಟರೆ ಮಗುವಿನ ಮಣಿಕಟ್ಟು ಅದನ್ನು ನಡೆಸುವುದಿಲ್ಲ, ಅದೇ ಮಗುವನ್ನು ನಡೆಸುತ್ತದೆ. ಸ್ಕ್ರೂಡ್ರೈವರ್ ಗಿಡ್ಡದ್ದು, ದಪ್ಪ ಹಿಡಿಯದ್ದು, ಸ್ಟಾರ್ ಮೂತಿಯದ್ದು. ಚಪ್ಪಟೆ ಮೂತಿಯದ್ದು ತಿರುಪಿನ ತಲೆಯಿಂದ ಪಕ್ಕಕ್ಕೆ ಜಾರಿ ತಿರುಪು ಹಿಡಿದ ಕೈಗೇ ಚುಚ್ಚುತ್ತದೆ. ನನ್ನ ಎಡಗೈಯಲ್ಲೂ ಅದರ ಗುರುತಿದೆ.

ಮೊದಲ ಮೊಳೆ ಮರಕ್ಕೆ ಬೇಡ, ಬಾಳೆದಿಂಡಿಗೆ ಹೊಡೆಸಿ. ಗೊನೆ ಕಡಿದ ಮೇಲೆ ಬಿದ್ದಿರುವ ಬಾಳೆಕಂಬದ ಒಂದಡಿ ತುಂಡು ತಂದು ಹಿತ್ತಲಲ್ಲಿ ನಿಲ್ಲಿಸಿದೆ. ನನ್ನ ಮಗಳು ಅಗಲ ತಲೆಯ ಒಂದೂವರೆ ಇಂಚಿನ ಮೊಳೆ ಹಿಡಿಯಲು ಬೆರಳು ಮುಂದೆ ಮಾಡಿದಳು. ಬೇಡ ಅಂತ ಹಳೇ ಬಾಚಣಿಗೆ ಕೊಟ್ಟೆ, ಅದರ ಹಲ್ಲುಗಳ ನಡುವೆ ಮೊಳೆ ಸಿಕ್ಕಿಸಿ ದೂರದಿಂದ ಹಿಡಿದರೆ ಸುತ್ತಿಗೆ ತಪ್ಪಿದರೂ ಏಟು ಬಾಚಣಿಗೆಗೆ. ಮೊದಲ ಏಟು ಗಾಳಿಗೆ, ಎರಡನೆಯದು ಬಾಚಣಿಗೆಗೆ, ಒಂದು ಹಲ್ಲು ಹಾರಿತು. ಮೂರನೆಯದಕ್ಕೆ ಪಚಕ್ ಅಂತ ಮೊಳೆ ಅರ್ಧ ಇಳಿದು ಬಾಳೆ ನೀರು ಮುಖಕ್ಕೆ ಹಾರಿತು. ಅವಳು ಸುತ್ತಿಗೆ ಕೆಳಗಿಟ್ಟು ಮೊಳೆಯನ್ನು ಅಲ್ಲಾಡಿಸಿ ನೋಡಿದಳು, ಅಲ್ಲಾಡಿತು, ಮತ್ತೆ ಎರಡು ಏಟು ಹಾಕಿದಳು. ಆ ಅಲ್ಲಾಡಿಸಿ ನೋಡುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ಸಂಜೆಯೊಳಗೆ ಕಂಬ ಮುಳ್ಳುಹಂದಿಯಾಗಿತ್ತು. ಹಳೇ ಬಟ್ಟೆ ಹಾಕಿಸಿ, ಬಾಳೆ ಕಲೆ ಯಾವ ಸೋಪಿಗೂ ಹೋಗುವುದಿಲ್ಲ. ನನ್ನ ಹೆಂಡತಿ ಇವತ್ತಿಗೂ ಆ ಫ್ರಾಕಿನ ಮಾತೆತ್ತುತ್ತಾಳೆ.

ಗರಗಸ ಅಂದ ಕೂಡಲೇ ಎಲ್ಲರೂ ಬೆಚ್ಚುತ್ತಾರೆ, ನಿಜ ಹೇಳಬೇಕೆಂದರೆ ನನಗೆ ಅದಕ್ಕಿಂತ ಕಟರ್ ಬ್ಲೇಡ್ ಭಯ. ಆರು ವರ್ಷ ದಾಟಿದ ಮೇಲೆ 6 ಇಂಚು ಬ್ಲೇಡಿನ ಜೂನಿಯರ್ ಹ್ಯಾಕ್ಸಾ ಕೊಡಿ. ಇಂಚಿಗೆ 32 ಸಣ್ಣ ಹಲ್ಲು, ನಿಧಾನ ಕೊಯ್ಯುತ್ತದೆ, ಕಚ್ಚಿ ಎಗರುವುದಿಲ್ಲ. ಗಾಯವಾಗುವುದು ಸಾಮಾನ್ಯವಾಗಿ ಗರಗಸ ಹಿಡಿದ ಕೈಗಲ್ಲ, ಮರ ಹಿಡಿದ ಕೈಗೆ. ಅದಕ್ಕೇ ಮರವನ್ನು ಸಿ ಕ್ಲಾಂಪಿನಿಂದ ಹಳೇ ಸ್ಟೂಲಿಗೆ ಬಿಗಿಯಿರಿ, ಎರಡೂ ಕೈ ಗರಗಸದ ಮೇಲೇ ಇರಲಿ. ಡಬ್ಬಿಯಲ್ಲಿ ಒಂದೇ ಒಂದು ವಸ್ತುವಿಗೆ ದುಡ್ಡು ಹಾಕುವುದಾದರೆ ಕ್ಲಾಂಪಿಗೆ ಹಾಕಿ. ಕೈಯಿಂದ ತಿರುಗಿಸುವ ಬೈರಿಗೆಯೂ ಒಳ್ಳೆಯದು, ಒಂದು ಕೈ ಹಿಡಿಗೆ, ಇನ್ನೊಂದು ಚಕ್ರಕ್ಕೆ, ತೂತಿನ ಹತ್ತಿರ ಹೋಗಲು ಮೂರನೇ ಕೈ ಇರುವುದಿಲ್ಲ. ಕಣ್ಣಿಗೆ ಪುಡಿ ಹಾರದಂತೆ ಹಾಕುವ ಕನ್ನಡಕ ಮಕ್ಕಳ ಅಳತೆಯದ್ದೇ ಇರಲಿ. ದೊಡ್ಡವರದ್ದು ಮೂಗಿನಿಂದ ಜಾರಿ ಅದನ್ನು ಸರಿಮಾಡುವುದೇ ಕೆಲಸವಾಗುತ್ತದೆ.

ಮರ ಎಲ್ಲಿಂದ? ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮೆತ್ತಗಿರುತ್ತದೆ, ಪುಕ್ಕಟೆಯೂ ಸಿಗುತ್ತದೆ. ವಿದೇಶದಿಂದ ಬಂದ ಪೆಟ್ಟಿಗೆಯ ಮೇಲಿನ ಮುದ್ರೆ ಓದಿ. ಎಚ್‌ಟಿ ಎಂದಿದ್ದರೆ ಬಿಸಿ ಮಾಡಿ ಹುಳ ಕೊಂದದ್ದು, ಪರವಾಗಿಲ್ಲ. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ವಿಷಗಾಳಿ ಕೊಟ್ಟದ್ದು, ಮುಟ್ಟಬೇಡಿ. ಸಿಬಿರು ಏಳದಂತೆ ನೀವೇ ಮೊದಲು ಉಪ್ಪುಕಾಗದ ಉಜ್ಜಿಕೊಡಿ. ಹಳೇ ಕಿಟಕಿ ಬಾಗಿಲಿನ ತುಂಡು ಮಾತ್ರ ಬೇಡ. ಮನೆ ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮಿತಿ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ, ಅದಕ್ಕೂ ಹಳೆಯ ಬಣ್ಣದ ಪುಡಿ ಮಗುವಿನ ಉಸಿರಿಗೆ ಹೋಗಬಾರದು.

ಬಿಚ್ಚುವ ಚಟಕ್ಕೂ ದಾರಿ ಬೇಕಲ್ಲ. ಗುಜರಿಯಿಂದ ಒಂದು ಸೈಕಲ್ ಬೆಲ್ ತನ್ನಿ. ಮೇಲಿನ ಬಟ್ಟಲು ತಿರುಗಿಸಿದರೆ ಬರುತ್ತದೆ, ಒಳಗೆ ಹೆಬ್ಬೆರಳಿನ ಸನ್ನೆ, ಅದಕ್ಕೆ ಕಚ್ಚಿದ ಹಲ್ಲಿನ ಚಕ್ರಗಳು, ತಿರುಗುವ ಪಟ್ಟಿಯ ತುದಿಯಲ್ಲಿ ಸಡಿಲವಾಗಿ ನೇತಾಡುವ ಬಿಲ್ಲೆಗಳು. ಆ ಬಿಲ್ಲೆಗಳು ಬಟ್ಟಲಿಗೆ ಬಡಿಯುವುದೇ ಟ್ರಿಣ್. ಬಟ್ಟಲು ತೆಗೆದು ಸನ್ನೆ ಒತ್ತಿದರೆ ಟ್ರಿಣ್ ಇಲ್ಲ, ಬರೀ ಕಟಕಟ. ಯಾಕೆ ಅಂತ ಅವನೇ ಕೇಳಲಿ. ಕೆಟ್ಟ ಕೀಬೋರ್ಡ್, ಗೋಡೆ ಗಡಿಯಾರ, ಮುರಿದ ಕೊಡೆ ಎಲ್ಲ ಕೊಡಬಹುದು. ಹಳೇ ಮೊಬೈಲ್ ಬೇಡ, ಲಿಥಿಯಂ ಬ್ಯಾಟರಿಗೆ ಚುಚ್ಚಿದರೆ ಬೆಂಕಿ. ಸಿಎಫ್‌ಎಲ್ ಬಲ್ಬ್ ಬೇಡ, ಒಳಗೆ ಪಾದರಸ. ಹಳೇ ಡಬ್ಬಾ ಟಿವಿಯಂತೂ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತದೆ.

ನಟ್ಟು ಬೋಲ್ಟಿನ ಲೋಹದ ಪಟ್ಟಿಗಳ ಸೆಟ್, ನಮ್ಮಲ್ಲಿ ಮೆಕ್ಯಾನಿಕ್ಸ್ ಹೆಸರಿನಲ್ಲಿ ಸಿಗುತ್ತದಲ್ಲ, ಅದನ್ನು ಏಳು ದಾಟಿದ ಮೇಲೆ ಕೊಡಿಸಿ. ಆ ಜಾತಿಯ ಮೂಲ 1901ರಲ್ಲಿ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಪೇಟೆಂಟ್ ಪಡೆದ ಆಟಿಕೆ, ಆಮೇಲೆ ಮೆಕಾನೋ ಎಂದು ಹೆಸರಾಯಿತು. ತನ್ನ ಮಕ್ಕಳಿಗೆಂದು ತಗಡಿನ ಪಟ್ಟಿ ಕತ್ತರಿಸಿ ಅರ್ಧ ಇಂಚಿಗೊಂದು ತೂತು ಕೊರೆದ ಗುಮಾಸ್ತ ಆತ. ತೂತುಗಳ ಅಂತರ ಒಂದೇ ಆದ್ದರಿಂದ ಯಾವ ಪಟ್ಟಿ ಯಾವುದಕ್ಕಾದರೂ ಕೂಡುತ್ತದೆ.

ಅಲ್ಲಿಯವರೆಗೆ ಅದರ ಬಡ ತಮ್ಮ ಇದ್ದಾನೆ. ಐಐಟಿ ಕಾನ್ಪುರದಲ್ಲಿ ಓದಿ ಹಳ್ಳಿ ಶಾಲೆಗಳ ಕಡೆ ತಿರುಗಿದ ಅರವಿಂದ ಗುಪ್ತಾ, 2018ರಲ್ಲಿ ಪದ್ಮಶ್ರೀ ಬಂತು, ಅವರು ಹೆಸರುವಾಸಿ ಮಾಡಿದ ಬೆಂಕಿಕಡ್ಡಿ ಮೆಕಾನೋ. ಸೈಕಲ್ ಅಂಗಡಿಯಲ್ಲಿ ವಾಲ್ವ್ ಟ್ಯೂಬ್ ಕೇಳಿ, ಒಂದೂವರೆ ಸೆಂ.ಮೀ. ತುಂಡು ಮಾಡಿ, ಮದ್ದು ಕೆರೆದ ಬೆಂಕಿಕಡ್ಡಿಗಳನ್ನು ಎರಡು ಕಡೆಯಿಂದ ತುರುಕಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ, ನಾಲ್ಕು ಕಡ್ಡಿಯ ಚೌಕ ಒಂದು ಬೆರಳು ತಾಗಿದರೆ ಓರೆಯಾಗುತ್ತದೆ. ನನ್ನ ಮಗಳು ಚೌಕಕ್ಕೆ ಅಡ್ಡ ಕಡ್ಡಿ ಹಾಕಿ ನಿಲ್ಲಿಸಲು ಮೂರು ದಿನ ತೆಗೆದುಕೊಂಡಳು, ಆಮೇಲೆ ಅಂಗಡಿಗೆ ಬಂದು ನಮ್ಮ ಅಲ್ಲಾಡುವ ರ‍್ಯಾಕ್‌ಗೆ ಯಾಕೆ ಓರೆ ಪಟ್ಟಿ ಇಲ್ಲ ಎಂದು ಗಿರಾಕಿಗಳ ಮುಂದೆಯೇ ಕೇಳಿದಳು. ಹಾಕಿಸಿದೆ.

ಆಟ ಮುಗಿದ ಮೇಲೆ ತಿರುಪು, ಮೊಳೆ ಎಣಿಸಿ ಡಬ್ಬಿಗೆ ಹಾಕುವುದು ಮಗನ ಕೆಲಸ. ಸಂಖ್ಯೆಯನ್ನು ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆಯಲಿ. ಒಂದು ಕಡಿಮೆ ಬಂದರೆ ಪೊರಕೆ ಹುಡುಕುವ ಮೊದಲು ತಂಗಿಯ ಬಾಯಿ ನೋಡಿ.